ರಕ್ತದ ಕ್ಯಾನ್ಸರ್‌ಗೆ ಕಾರ್-ಟಿ ಚಿಕಿತ್ಸೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೀಮೋ ಮುಗಿಸಿ ಮನೆಗೆ ಬಂದ ಮೇಲೆ ಕಾಯಿಲೆ ಮರಳಿದಾಗ "ಕಾರ್-ಟಿ ಅಂತ ಏನೋ ಐತಂತಲ್ರಿ" ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಅಂಥ ಮನೆಗಳಿಗಾಗಿ ಈ ಪುಟ. ಇಲ್ಲಿರುವ ಔಷಧದ ಪ್ರಮಾಣಗಳು ವಿಷಯ ತಿಳಿಯಲಿ ಎಂದು ಕೊಟ್ಟವು. ಯಾವ ರೋಗಿಗೆ ಎಷ್ಟು ಎಂಬುದನ್ನು ಚಿಕಿತ್ಸೆ ಕೊಡುವ ತಂಡವೇ ಹೇಳಬೇಕು.

ಇದು ಕೀಮೋ ಏನ್ರಿ, ಬೋನ್ ಮ್ಯಾರೋ ಕಸಿ ಏನ್ರಿ?

ಎರಡೂ ಅಲ್ಲ. ರೋಗಿಯ ರಕ್ತದಿಂದಲೇ ಟಿ ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕೋಶ) ತೆಗೆದು, ಪ್ರಯೋಗಾಲಯದಲ್ಲಿ ಅವುಗಳಿಗೆ ಒಂದು ಹೊಸ ಜೀನ್ ಸೇರಿಸಿ, ಬೆಳೆಸಿ, ಅದೇ ರೋಗಿಗೆ ತಿರುಗಿ ಹಾಕುತ್ತಾರೆ. ಜೀನನ್ನು ಕೋಶದೊಳಗೆ ಒಯ್ಯಲು ಬಳಸುವುದು ಸಾಮಾನ್ಯವಾಗಿ ಲೆಂಟಿವೈರಸ್. ಅದು ಮೈಯಲ್ಲಿ ಹೆಚ್ಚಿಕೊಳ್ಳದಂತೆ ಅದರ ಶಕ್ತಿಯನ್ನು ಮೊದಲೇ ತೆಗೆದಿರುತ್ತಾರೆ. ಹೊಸ ಜೀನ್ ಟಿ ಕೋಶದ ಮೈಮೇಲೆ ಒಂದು ಗ್ರಾಹಕವನ್ನು ಮೂಡಿಸುತ್ತದೆ. ಅದರ ಹೊರತುದಿ ಬಿ ಕೋಶಗಳ (ಪ್ರತಿಕಾಯ ತಯಾರಿಸುವ ಇನ್ನೊಂದು ಬಗೆಯ ಬಿಳಿ ಕೋಶ, ಈ ಕ್ಯಾನ್ಸರ್ ಹುಟ್ಟುವುದು ಇವುಗಳಲ್ಲಿ) ಮೇಲಿರುವ ಸಿಡಿ19 ಎಂಬ ಪ್ರೋಟೀನನ್ನು ಹಿಡಿಯುತ್ತದೆ, ಒಳತುದಿ "ಕೊಲ್ಲು, ಹೆಚ್ಚಾಗು" ಎಂಬ ಸೂಚನೆಯನ್ನು ಟಿ ಕೋಶಕ್ಕೆ ಮುಟ್ಟಿಸುತ್ತದೆ.

ಒಂದೇ ಸಲ ಹಾಕುವುದು. ಆದರೆ ಹಾಕಿದ ಕೋಶಗಳು ಮೈಯೊಳಗೆ ಹೋಗಿ ತಾವೇ ಹೆಚ್ಚುತ್ತವೆ. ಮಾತ್ರೆಯ ಹಾಗೆ ಅರ್ಧ ಮಾಡಲು, ನಿಲ್ಲಿಸಲು ಬರುವುದಿಲ್ಲ. ಈ ಚಿಕಿತ್ಸೆಯ ಲಾಭಕ್ಕೂ ಅಪಾಯಕ್ಕೂ ಕಾರಣ ಇದೇ. ಇನ್ನೊಂದು ಮಾತು: ಸಿಡಿ19 ಆರೋಗ್ಯವಂತ ಬಿ ಕೋಶಗಳ ಮೇಲೂ ಇರುತ್ತದೆ, ಅವೂ ಸಾಯುತ್ತವೆ. ಅದರ ಫಲ ತಿಂಗಳುಗಟ್ಟಲೆ ಇರುತ್ತದೆ, ಮುಂದೆ ಹೇಳಿದೆ.

ಯಾವ್ಯಾವ ಕ್ಯಾನ್ಸರಿಗೆ ನಡೀತೈತಿ?

ಮರಳಿ ಬಂದ ಅಥವಾ ಕೀಮೋಗೆ ಬಗ್ಗದ ಬಿ-ಕೋಶದ ಕಾಯಿಲೆಗಳಿಗೆ: ಬಿ-ಎಎಲ್‌ಎಲ್ ಎಂಬ ತೀವ್ರ ಲ್ಯೂಕೇಮಿಯಾ, ದೊಡ್ಡ ಬಿ-ಕೋಶದ ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್), ಮತ್ತೆ ಕೆಲವು ಬಗೆಯ ಲಿಂಫೋಮಾಗಳು. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿಗೆ ಸಿಡಿ19 ಬದಲು ಬಿಸಿಎಂಎ ಎಂಬ ಗುರುತನ್ನು ಹಿಡಿಯುವ ಬೇರೆ ಕೋಶಗಳು ಬೇಕು. ಅಂಥ ಎರಡು ಉತ್ಪನ್ನಗಳಿಗೆ ಅಮೆರಿಕದಲ್ಲಿ 2021 ಮತ್ತು 2022ರಲ್ಲಿ ಒಪ್ಪಿಗೆ ಸಿಕ್ಕಿದೆ.

ಸಿಎಂಎಲ್ ಎಂಬ ನಿಧಾನವಾಗಿ ಬೆಳೆಯುವ ಲ್ಯೂಕೇಮಿಯಾಕ್ಕೆ ಇದು ಬೇಡ. ಅದಕ್ಕೆ ಇಮ್ಯಾಟಿನಿಬ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಎಂಎಲ್ ಎಂಬ ಇನ್ನೊಂದು ತೀವ್ರ ಲ್ಯೂಕೇಮಿಯಾಕ್ಕೆ ಇನ್ನೂ ಪ್ರಯೋಗದ ಹಂತ. ಸ್ತನ, ಬಾಯಿ, ಹೊಟ್ಟೆಯ ಕ್ಯಾನ್ಸರಿಗೆ "ಇಮ್ಯೂನ್ ಸೆಲ್ ಥೆರಪಿ" ಎಂದು ಜಾಹೀರಾತು ಹಾಕಿ ಲಕ್ಷಗಟ್ಟಲೆ ಕೇಳುವ ಕ್ಲಿನಿಕ್‌ಗಳಿವೆ. ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮ ದೇಶದಾಗ ಸಿಗತೈತೇನ್ರಿ?

ಸಿಗುತ್ತದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ, ಇಮ್ಯುನೋಆಕ್ಟ್ ಕಂಪನಿ ತಯಾರಿಸುವ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಬಂತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಬಿಡುಗಡೆ ಮಾಡಿದರು. 15 ವರ್ಷ ದಾಟಿದ ಬಿ-ಕೋಶದ ಲ್ಯೂಕೇಮಿಯಾ, ಲಿಂಫೋಮಾ ರೋಗಿಗಳಿಗೆ ಅದು. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ 2025ರ ಜನವರಿಯಲ್ಲಿ ಬಂತು, ದೊಡ್ಡವರ ಬಿ-ಕೋಶದ ಲಿಂಫೋಮಾಕ್ಕೆ.

ಡಾಕ್ಟರು ಇನ್ನೊಂದು ಸುತ್ತು ಕೀಮೋ ಕೊಟ್ಟು ನೋಡೂಣು ಅಂತಾರ. ಕಾರ್-ಟಿ ಬಗ್ಗೆ ಯಾವಾಗ ಕೇಳಬೇಕ್ರಿ?

ಕಾಯಿಲೆ ಮೊದಲ ಸಲ ಮರಳಿದ ದಿನವೇ ಕೇಳಿ. ಮಾಡಿಸುವುದು ಆಮೇಲಿನ ಮಾತು, ಕೇಂದ್ರದ ಅಭಿಪ್ರಾಯ ಮೊದಲೇ ಬರಲಿ. ಈ ಪುಟದಲ್ಲಿ ಒಂದೇ ಉತ್ತರ ಓದುವುದಿದ್ದರೆ ಇದನ್ನು ಓದಿ.

ಕಾರಣ ಸರಳ. ಔಷಧ ತಯಾರಾಗುವುದು ರೋಗಿಯದೇ ಟಿ ಕೋಶಗಳಿಂದ. ಸುತ್ತಿನ ಮೇಲೆ ಸುತ್ತು ಕೀಮೋ ಆದಂತೆಲ್ಲ ಅವು ಕಡಿಮೆಯಾಗುತ್ತವೆ, ಉಳಿದವು ಬಳಲಿರುತ್ತವೆ. ಲಿಂಫೋಮಾಕ್ಕೆ ಕೊಡುವ ಬೆಂಡಾಮಸ್ಟಿನ್ ಟಿ ಕೋಶಗಳ ಮಟ್ಟಿಗೆ ಬಹಳ ಕೆಟ್ಟದ್ದು. ಅದರ ಪೆಟ್ಟು ತಿಂಗಳುಗಟ್ಟಲೆ ಇರುತ್ತದೆ. ಹಾಗಾಗಿ ಕಾರ್-ಟಿ ಮಾಡಿಸುವ ಸಾಧ್ಯತೆ ಇದ್ದರೆ ಕೋಶ ಸಂಗ್ರಹಕ್ಕೆ ಮುಂಚೆ ಅದನ್ನು ಬಿಟ್ಟು ಬೇರೆ ಕೀಮೋ ಕೊಡಬಹುದೇ ಎಂದು ನಿಮ್ಮ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಎಎಲ್‌ಎಲ್‌ನ ಔಷಧವಾದ ಪೆಗ್-ಆಸ್ಪರಾಜಿನೇಸ್ ಕೊಟ್ಟಿದ್ದರೆ ಸಂಗ್ರಹಕ್ಕೆ ಸಾಮಾನ್ಯವಾಗಿ 4 ವಾರ ಕಾಯುತ್ತಾರೆ.

ಸ್ಟಿರಾಯ್ಡ್ ಇನ್ನೊಂದು ತೊಡಕು. ಅದು ಟಿ ಕೋಶಗಳನ್ನು ಕೊಲ್ಲುತ್ತದೆ, ಆದ್ದರಿಂದ ಸಂಗ್ರಹಕ್ಕೆ 3ರಿಂದ 7 ದಿನ ಮುಂಚೆಯೇ ನಿಲ್ಲಿಸುತ್ತಾರೆ. ಹೇಗೆ ಇಳಿಸುವುದು ಎಂದು ಕೇಂದ್ರ ಹೇಳುತ್ತದೆ, ತಾವೇ ಒಮ್ಮೆಲೇ ಬಿಡಬೇಡಿ. ನಮ್ಮ ಕಡೆ ಇದಕ್ಕಿಂತ ದೊಡ್ಡ ತೊಂದರೆ ಕಾಣದ ಸ್ಟಿರಾಯ್ಡ್. ಮೈಕೈ ನೋವು, ಜ್ವರ, ವಾಂತಿ ಎಂದು ಊರಿನ ದವಾಖಾನೆಗೆ ಹೋದರೆ ಹಾಕುವ ಸೂಜಿಯಲ್ಲಿ ಎಷ್ಟೋ ಸಲ ಡೆಕ್ಸಾ (ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್) ಇರುತ್ತದೆ. ಸಂಗ್ರಹದ ಹಿಂದಿನ ವಾರ ಅಂಥದ್ದೊಂದು ಸೂಜಿ ಬಿದ್ದರೆ ದಿನಾಂಕವೇ ಮುಂದೆ ಹೋಗಬಹುದು. ಸೂಜಿಯ ಹೆಸರು ಬರೆಸಿಕೊಳ್ಳದೆ ಹಾಕಿಸಿಕೊಳ್ಳಬೇಡಿ.

ಮೂರನೆಯದು ಕಾಯಿಲೆಯ ಭಾರ. ಗಂಟುಗಳು ದೊಡ್ಡವಾದಷ್ಟೂ, ಮಜ್ಜೆಯಲ್ಲಿ ಕ್ಯಾನ್ಸರ್ ಕೋಶ ಹೆಚ್ಚಾದಷ್ಟೂ ಅಡ್ಡಪರಿಣಾಮವೂ ಜೋರು, ಫಲವೂ ಕಡಿಮೆ. ತಯಾರಿಗೆ ಹಿಡಿಯುವ ವಾರಗಳನ್ನು ತಾಳುವಷ್ಟು ಶಕ್ತಿ ರೋಗಿಯಲ್ಲಿ ಉಳಿದಿರಬೇಕು. ಎಲ್ಲ ದಾರಿ ಮುಚ್ಚಿದ ಮೇಲೆ ಬಂದವರಿಗೆ ಬಹಳ ಸಲ ಆ ವಾರಗಳೇ ಇರುವುದಿಲ್ಲ.

ಮಾಡಿಸಾಕ ಎಲ್ಲಿಗೆ ಹೋಗಬೇಕು? ಕೇಂದ್ರ ಹೆಂಗ ಆರಿಸಬೇಕು?

ಬೆಂಗಳೂರು ಅಥವಾ ಮುಂಬೈ. ಬೆಳಗಾವಿಯಿಂದ ಎರಡೂ ಹೆಚ್ಚುಕಡಿಮೆ 500 ಕಿ.ಮೀ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್‌ನ ಖಾರ್‌ಘರ್ ಕೇಂದ್ರ ಆಕ್ಟ್ರೆಕ್ ಈ ಕೆಲಸದಲ್ಲಿ ಮೊದಲಿನಿಂದ ಇದೆ. ಬೆಂಗಳೂರಿನಲ್ಲಿ ಹಲವು ಆಸ್ಪತ್ರೆಗಳು ಮಾಡುತ್ತವೆ. ಬೆಳಗಾವಿಯ ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಯಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಪಾತ್ರವೂ ದೊಡ್ಡದು: ಬಯಾಪ್ಸಿ, ನಡುವಿನ ರಕ್ತ ತಪಾಸಣೆ, ಮನೆಗೆ ಬಂದ ಮೇಲಿನ ಜ್ವರ ಎಲ್ಲ ಅಲ್ಲಿಯೇ ನೋಡಬೇಕಾಗುತ್ತದೆ. ಹೋಗುವ ಮುಂಚೆಯೇ ಅಲ್ಲಿನ ಒಬ್ಬ ವೈದ್ಯರಿಗೆ ವಿಷಯ ತಿಳಿಸಿಡಿ.

ಕೇಂದ್ರಕ್ಕೆ ಕೇಳಬೇಕಾದ ಪ್ರಶ್ನೆಗಳು ಕೊಠಡಿಯ ಬಗ್ಗೆ ಅಲ್ಲ. ಇದುವರೆಗೆ ಎಷ್ಟು ಜನರಿಗೆ ಹಾಕಿದ್ದೀರಿ? ಕೋಶ ಹಾಕಿದ ಮೇಲಿನ ಜ್ವರಕ್ಕೆ ಕೊಡುವ ಟೊಸಿಲಿಜುಮ್ಯಾಬ್ ಆಸ್ಪತ್ರೆಯೊಳಗೇ ಸಿದ್ಧ ಇರುತ್ತದೋ, ಹೊರಗಿನಿಂದ ತರಿಸುತ್ತೀರೋ? ರಾತ್ರಿ ಐಸಿಯು ಹಾಸಿಗೆ ಖಾತ್ರಿಯೇ? ನರರೋಗ ತಜ್ಞರು ರಾತ್ರಿ ಬರುತ್ತಾರೆಯೇ? ಈ ನಾಲ್ಕಕ್ಕೆ ನೇರ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.

ರೈಲು ಪ್ರಯಾಣಕ್ಕೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3 ಎಸಿಯಲ್ಲಿ ಪೂರ್ತಿ, ಜೊತೆಗಾರರಿಗೆ ಶೇ. 75 ರಿಯಾಯಿತಿ ಇದೆ. ಆಸ್ಪತ್ರೆಯ ವೈದ್ಯರು ರೈಲ್ವೆಯ ನಮೂನೆಯಲ್ಲೇ ಬರೆದು ಸಹಿ ಹಾಕಬೇಕು, ಬರೀ ಲೆಟರ್‌ಹೆಡ್ ಚೀಟಿ ನಡೆಯುವುದಿಲ್ಲ.

ಹೋಗುವಾಗ ಏನೇನು ಒಯ್ಯಬೇಕು?

ಮೊದಲಿನಿಂದ ಕೊಟ್ಟ ಎಲ್ಲ ಕೀಮೋದ ಹೆಸರು ಮತ್ತು ದಿನಾಂಕ, ಪೆಟ್-ಸಿಟಿ ಸ್ಕ್ಯಾನಿನ ಸಿಡಿ, ಫ್ಲೋ ಸೈಟೊಮೆಟ್ರಿ (ಕೋಶಗಳ ಮೇಲಿನ ಗುರುತು ಹಿಡಿಯುವ ಪರೀಕ್ಷೆ) ವರದಿ, ಮತ್ತು ಬಯಾಪ್ಸಿಯ ಮೇಣದ ಬ್ಲಾಕ್. ಬ್ಲಾಕ್ ಮರೆತು ಬರೀ ವರದಿ ಒಯ್ದವರು ಅದಕ್ಕಾಗಿಯೇ ತಿರುಗಿ ಬರಬೇಕಾಗುತ್ತದೆ. ಕ್ಯಾನ್ಸರ್ ಕೋಶಗಳ ಮೇಲೆ ಸಿಡಿ19 ಇದೆಯೇ ಎಂದು ಕೇಂದ್ರ ತಾನೇ ನೋಡಲು ಬಯಸುತ್ತದೆ.

ಒಟ್ಟು ಕೆಲಸ ಹೆಂಗ ನಡೀತೈತಿ, ಎಷ್ಟು ದಿನ ಹಿಡೀತೈತಿ?

ಮೊದಲು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕ್ಷಯ, ಹೃದಯದ ಎಕೋ, ಮೂತ್ರಪಿಂಡದ ತಪಾಸಣೆ. ಹೆಪಟೈಟಿಸ್ ಬಿ ಹಿಂದೊಮ್ಮೆ ಬಂದು ಹೋಗಿದ್ದರೂ ಮುಚ್ಚಿಡಬೇಡಿ. ಬಿ ಕೋಶಗಳು ಹೋದ ಮೇಲೆ ಅದು ಮತ್ತೆ ಏಳಬಹುದು, ಮೊದಲೇ ಗೊತ್ತಿದ್ದರೆ ಎಂಟೆಕಾವಿರ್ ಮಾತ್ರೆಯಿಂದ ತಡೆಯಬಹುದು.

ಆಮೇಲೆ ಅಫೆರೆಸಿಸ್. ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ, ಬಿಳಿ ಕೋಶಗಳಷ್ಟೇ ಬೇರ್ಪಟ್ಟು, ಉಳಿದದ್ದು ಇನ್ನೊಂದು ಕೈಗೆ ಮರಳುತ್ತದೆ. 3ರಿಂದ 6 ತಾಸು. ನರ ಸಣ್ಣವಿದ್ದರೆ ಕುತ್ತಿಗೆಗೆ ಡಯಾಲಿಸಿಸ್‌ಗೆ ಹಾಕುವಂಥ ಪೈಪು ಹಾಕುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಸಿಟ್ರೇಟ್ ಕ್ಯಾಲ್ಸಿಯಂ ಇಳಿಸುವುದರಿಂದ ತುಟಿ, ಬೆರಳ ತುದಿ ಜುಮ್ ಎನ್ನುತ್ತದೆ. ತಕ್ಷಣ ಹೇಳಿದರೆ ಕ್ಯಾಲ್ಸಿಯಂ ಕೊಟ್ಟು ಸರಿ ಮಾಡುತ್ತಾರೆ.

ಪ್ರಯೋಗಾಲಯದಲ್ಲಿ ಟಿ ಕೋಶಗಳನ್ನು ಎಬ್ಬಿಸಿ, ಜೀನ್ ಸೇರಿಸಿ, ಬೆಳೆಸಿ, ಸೋಂಕು ಇಲ್ಲವೆಂದು ಪರೀಕ್ಷಿಸಿ, ದ್ರವ ಸಾರಜನಕದ ಚಳಿಯಲ್ಲಿ ಇಡುತ್ತಾರೆ. ಸಂಗ್ರಹದಿಂದ ಹಾಕುವವರೆಗೆ ಸಾಮಾನ್ಯವಾಗಿ 3ರಿಂದ 5 ವಾರ. ಈ ನಡುವೆ ಕಾಯಿಲೆ ಹದ್ದು ಮೀರದಂತೆ ಸೇತುವೆ ಕೀಮೋ ಕೊಡುವುದುಂಟು. ಕೆಲವೊಮ್ಮೆ ಕೋಶಗಳು ಬೆಳೆಯುವುದೇ ಇಲ್ಲ, ಇಲ್ಲವೇ ಗುಣಮಟ್ಟಕ್ಕೆ ಬರುವುದಿಲ್ಲ. ಆಗ ಮತ್ತೆ ಸಂಗ್ರಹಿಸಬೇಕು. ಆ ಖರ್ಚು ಯಾರದು ಎಂದು ದುಡ್ಡು ಕಟ್ಟುವ ಮುಂಚೆ ಬರಹದಲ್ಲಿ ಕೇಳಿ.

ಕೋಶಗಳು ಬಂದ ಮೇಲೆ 3 ದಿನ ಫ್ಲೂಡರಾಬಿನ್, ಸೈಕ್ಲೋಫಾಸ್ಫಮೈಡ್ ಕೊಡುತ್ತಾರೆ. ಇದು ಮೈಯಲ್ಲಿರುವ ಹಳೆಯ ಲಿಂಫೋಸೈಟ್‌ಗಳನ್ನು (ಟಿ, ಬಿ ಕೋಶಗಳಂಥ ಬಿಳಿ ಕೋಶಗಳು) ತೆರವು ಮಾಡಿ ಹೊಸವು ಬೆಳೆಯಲು ಜಾಗ ಮಾಡುವುದಕ್ಕೆ. ಒಂದೆರಡು ದಿನದ ಬಿಡುವಿನ ನಂತರ ಚೀಲವನ್ನು 37 ಡಿಗ್ರಿ ನೀರಿನಲ್ಲಿ ಕರಗಿಸಿ ಅರ್ಧ ತಾಸಿನೊಳಗೆ ಹಾಕಿ ಮುಗಿಸುತ್ತಾರೆ. ಎಷ್ಟೋ ತಿಂಗಳ ಓಡಾಟದ ಕೊನೆಗೆ ಈ ಘಟ್ಟ ಇಷ್ಟು ಸಣ್ಣದೇ ಎಂದು ಮನೆಯವರಿಗೆ ಅನಿಸುತ್ತದೆ. ಕೋಶ ಕೆಡದಂತೆ ಸೇರಿಸಿದ ಡಿಎಂಎಸ್‌ಒ ರಾಸಾಯನಿಕದಿಂದ ಒಂದು ದಿನ ಬಳ್ಳೊಳ್ಳಿಯಂಥ ವಾಸನೆ ಬರುತ್ತದೆ, ಹೆದರಬೇಡಿ.

ಸಂಗ್ರಹಕ್ಕೆ ಒಂದು ವಾರ ಮುಂಚಿನಿಂದ ರಕ್ತ ಅಥವಾ ಪ್ಲೇಟ್‌ಲೆಟ್ ಬೇಕಾದರೆ ವಿಕಿರಣ ಹಾಯಿಸಿದ್ದೇ ಆಗಬೇಕು. ಇಲ್ಲದಿದ್ದರೆ ದಾನಿಯ ಲಿಂಫೋಸೈಟ್‌ಗಳು ರೋಗಿಯ ಮೈಮೇಲೆಯೇ ತಿರುಗಿ ಬೀಳಬಹುದು. ಊರಿಗೆ ಮರಳಿದ ಮೇಲೂ ಇದು ಜಾರಿಯಲ್ಲಿರುತ್ತದೆ. ಎಲ್ಲ ಬ್ಲಡ್ ಬ್ಯಾಂಕಿನಲ್ಲೂ ಆ ಯಂತ್ರ ಇರುವುದಿಲ್ಲ. ನಿಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಎಂದು ಮೊದಲೇ ವಿಚಾರಿಸಿಡಿ.

ಕೋಶ ಹಾಕಿದ ಮ್ಯಾಲೆ ಜ್ವರ ಬರತೈತಿ ಅಂತಾರಲ್ರಿ, ಅದು ಚಲೋನೋ ಕೆಟ್ಟದ್ದೋ?

ಹೊಸ ಕೋಶಗಳು ಕೆಲಸ ಶುರು ಮಾಡಿದಾಗ ಐಎಲ್-6 ಮೊದಲಾದ ಸೈಟೊಕೈನ್‌ಗಳು (ಉರಿಯೂತ ಎಬ್ಬಿಸುವ ಪ್ರೋಟೀನ್‌ಗಳು) ರಕ್ತದಲ್ಲಿ ಏರುತ್ತವೆ. ಇದಕ್ಕೆ ಸಿಆರ್‌ಎಸ್ ಎನ್ನುತ್ತಾರೆ. ಹೆಚ್ಚಾಗಿ ಮೊದಲ ವಾರದೊಳಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರದಿಂದ ತೋರುತ್ತದೆ. ಬರೀ ಜ್ವರವಾದರೆ 1ನೇ ದರ್ಜೆ. ಬಿಪಿ ಇಳಿದು ಸಲೈನಿಗೆ ಸರಿಹೋದರೆ ಅಥವಾ ಸ್ವಲ್ಪ ಆಮ್ಲಜನಕ ಸಾಕಾದರೆ 2ನೇ ದರ್ಜೆ. ಬಿಪಿ ಎತ್ತುವ ಔಷಧ ಬೇಕಾದರೆ 3, ಅಂಥವು ಒಂದಕ್ಕಿಂತ ಹೆಚ್ಚು ಅಥವಾ ವೆಂಟಿಲೇಟರ್ ಬೇಕಾದರೆ 4.

ಇದಕ್ಕೆ ಮದ್ದು ಟೊಸಿಲಿಜುಮ್ಯಾಬ್: ದೊಡ್ಡವರಿಗೆ ಕಿಲೋಗೆ 8 ಮಿ.ಗ್ರಾಂ, ಒಂದು ಸಲಕ್ಕೆ 800 ಮಿ.ಗ್ರಾಂ ಮೀರದಂತೆ, ಒಂದು ತಾಸಿನಲ್ಲಿ. 60 ಕಿಲೋ ತೂಗುವವರಿಗೆ 480 ಮಿ.ಗ್ರಾಂ. ಬೇಕಾದರೆ 8 ತಾಸಿನ ನಂತರ ಮತ್ತೆ ಕೊಡಬಹುದು. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಈ ಚಿಕಿತ್ಸೆ ಪಡೆದ ಮೊದಲ ಮಗು ಎಮಿಲಿ ವೈಟ್‌ಹೆಡ್ ಬದುಕಿದ್ದು ಸಂಧಿವಾತಕ್ಕೆಂದು ಇದ್ದ ಈ ಮದ್ದನ್ನು ವೈದ್ಯರು ಸಮಯಕ್ಕೆ ಕೊಟ್ಟಿದ್ದರಿಂದ.

ಇನ್ನು "ಜ್ವರ ಬಂದರೆ ಒಳ್ಳೆಯದು, ಕೆಲಸ ಮಾಡ್ತಾ ಇದೆ" ಎಂಬ ಮಾತನ್ನು ಪೂರ್ತಿ ನಂಬಬೇಡಿ. ಆಗ ಬಿಳಿ ಕೋಶಗಳೂ ಇಳಿದಿರುತ್ತವೆ, ಅದೇ ಜ್ವರ ಸೋಂಕಿನದೂ ಆಗಿರಬಹುದು. ಎರಡನ್ನೂ ಲಕ್ಷಣದಿಂದ ಬೇರ್ಪಡಿಸಲು ಆಗದು, ಹಾಗಾಗಿ ರಕ್ತದ ಕಲ್ಚರ್ ಕಳಿಸಿ ಆ್ಯಂಟಿಬಯೋಟಿಕ್ ಕೂಡ ಕೊಡುತ್ತಾರೆ.

ತಲಿ ಮ್ಯಾಲೆ ಪರಿಣಾಮ ಆಗತೈತೇನ್ರಿ?

ಕೆಲವರಿಗೆ ಆಗುತ್ತದೆ. ಐಕ್ಯಾನ್ಸ್ ಎನ್ನುತ್ತಾರೆ. ಮಾತು ತಡವರಿಸುವುದು, ಹೆಸರು ನೆನಪಾಗದಿರುವುದು, ಅಕ್ಷರ ಸೊಟ್ಟಗಾಗುವುದು, ಜೋರಾದರೆ ಫಿಟ್ಸ್. ಸಿಆರ್‌ಎಸ್ ನಂತರ ಅಥವಾ ಜೊತೆಗೆ ಬರುವುದು ವಾಡಿಕೆ. ಇದಕ್ಕೆ ಟೊಸಿಲಿಜುಮ್ಯಾಬ್ ಅಷ್ಟಾಗಿ ಉಪಯೋಗವಿಲ್ಲ, ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಬಹುಪಾಲು ಜನರಲ್ಲಿ ಪೂರ್ತಿ ಇಳಿಯುತ್ತದೆ.

ಇದನ್ನು ಹಿಡಿಯುವ ಪರೀಕ್ಷೆಗೆ 10 ಅಂಕ. ವರ್ಷ, ತಿಂಗಳು, ಊರು, ಆಸ್ಪತ್ರೆ ಹೇಳಿದರೆ 4. ತೋರಿಸಿದ ಮೂರು ವಸ್ತುಗಳ ಹೆಸರಿಗೆ 3. ಹೇಳಿದಂತೆ ಮಾಡಿದರೆ 1. ಒಂದು ವಾಕ್ಯ ಬರೆದರೆ 1. ನೂರರಿಂದ ಹತ್ತತ್ತು ಕಳೆದು ಹಿಂದಕ್ಕೆ ಎಣಿಸಿದರೆ 1. ನಮ್ಮವರಿಗೆ ಎಡವಟ್ಟಾಗುವುದು ಇಲ್ಲಿಯೇ. ನರ್ಸ್ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳುತ್ತಾರೆ, ರೋಗಿ ಸುಮ್ಮನಿರುತ್ತಾರೆ, ಅಂಕ ಇಳಿಯುತ್ತದೆ. ಇಲ್ಲವೇ "ಭಾಷೆ ಬರಲ್ಲ" ಎಂದು ನಿಜವಾದ ತೊಂದರೆಯೇ ತಪ್ಪಿಹೋಗುತ್ತದೆ. ಅದಕ್ಕೆ ಕೋಶ ಹಾಕುವ ಹಿಂದಿನ ದಿನವೇ ಕನ್ನಡದಲ್ಲಿ ಪರೀಕ್ಷೆ ಮಾಡಿಸಿ, ಬರೆದ ವಾಕ್ಯವನ್ನು ಫೈಲಿನಲ್ಲಿ ಇರಿಸಿ. ಓದು ಬರಹ ಇಲ್ಲದ ಅಜ್ಜನಾದರೆ ಸಹಿ ಅಥವಾ ಒಂದು ಚಿತ್ರ ಸಾಕು, ದಿನವೂ ಅದನ್ನೇ ಹಾಕಿಸಿ ಹೋಲಿಸಬೇಕು. ಎಣಿಕೆ ಮೊದಲೇ ಬಾರದವರೆಂದರೆ ಅದನ್ನೂ ಬರೆಸಿ. ಕನ್ನಡ ಬಲ್ಲ ಒಬ್ಬರು ಪಾಳಿ ಹಾಕಿ ರಾತ್ರಿಯೂ ಜೊತೆಗಿರಲಿ. ಮಾತಿನ ಧಾಟಿ ಬದಲಾದದ್ದು ಮನೆಯವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಗುಣ ಆಗತಾರ ಅಂತ ಎಷ್ಟು ಭರವಸೆ?

ಮೊದಲ ತಿಂಗಳ ಅಂಕಿಯನ್ನೂ ವರ್ಷಗಳ ಅಂಕಿಯನ್ನೂ ಬೆರೆಸಬೇಡಿ. ಮಕ್ಕಳ ಮತ್ತು ಯುವಕರ ಬಿ-ಎಎಲ್‌ಎಲ್‌ನಲ್ಲಿ 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶೇ. 81 ಜನರಲ್ಲಿ ಮೂರು ತಿಂಗಳೊಳಗೆ ಕಾಯಿಲೆ ಕಾಣದಾಯಿತು. ಒಂದು ವರ್ಷದ ಹೊತ್ತಿಗೆ ಮರಳದೆ ಉಳಿದವರು ಸುಮಾರು ಅರ್ಧ. ದೊಡ್ಡ ಬಿ-ಕೋಶದ ಲಿಂಫೋಮಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಐದು ವರ್ಷಕ್ಕೆ ಬದುಕಿದ್ದವರು ಶೇ. 43ರಷ್ಟು. ನೆಕ್ಸ್‌ಕಾರ್19 ಬಗ್ಗೆ 2025ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಶೇ. 73 ಜನರಲ್ಲಿ ಕಾಯಿಲೆ ತಗ್ಗಿತು. ಇವರೆಲ್ಲ ಬೇರೆ ಚಿಕಿತ್ಸೆಗೆ ಬಗ್ಗದವರು ಎಂಬುದನ್ನು ನೆನಪಿಟ್ಟರೆ ಇದು ಸಣ್ಣ ಸಂಗತಿಯಲ್ಲ. ಆದರೆ "ಪೂರ್ತಿ ಗುಣ, ಗ್ಯಾರಂಟಿ" ಎನ್ನುವವರು ಸುಳ್ಳು ಹೇಳುತ್ತಿದ್ದಾರೆ.

ಖರ್ಚು?

ಅಮೆರಿಕದಲ್ಲಿ 2017ರಲ್ಲಿ ಮೊದಲ ಕಾರ್-ಟಿ ಬಂದಾಗ ಬೆಲೆ 4,75,000 ಡಾಲರ್. ಇಲ್ಲಿ ಕೋಶಗಳಿಗೇ 30ರಿಂದ 50 ಲಕ್ಷ ರೂಪಾಯಿ ಎಂದು ಹಿಡಿಯಿರಿ. ಅದರಲ್ಲಿ ಐಸಿಯು, ಟೊಸಿಲಿಜುಮ್ಯಾಬ್, ರಕ್ತ, ಹೊರಗೆ ಬಾಡಿಗೆ ಮನೆ ಸೇರಿರುವುದಿಲ್ಲ. ಕೊಟ್ಟ ಅಂದಾಜಿನಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂದು ಸಾಲು ಸಾಲಾಗಿ ಕೇಳಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ ಇದೆ. ಅದು ಈ ಖರ್ಚನ್ನು ಹೊರುವಂಥದ್ದಲ್ಲ, ನಡುವಿನ ಕೀಮೋ ಮತ್ತು ದಾಖಲಾತಿಗೆ ಬಳಸುವುದು ಜಾಣತನ. ಕೇಂದ್ರದ ರಾಷ್ಟ್ರೀಯ ಆರೋಗ್ಯ ನಿಧಿಯಡಿ ಬಡ ಕ್ಯಾನ್ಸರ್ ರೋಗಿಗಳಿಗೆ 15 ಲಕ್ಷದವರೆಗೆ ನೆರವು ಇದೆ, ಕಿದ್ವಾಯಿಯಂಥ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳ ಮೂಲಕ. ಆ ಹಣ ಆಸ್ಪತ್ರೆಗೇ ಹೋಗುತ್ತದೆ, ಈಗಾಗಲೇ ಖರ್ಚು ಮಾಡಿದ್ದನ್ನು ತುಂಬಿಕೊಡುವುದಿಲ್ಲ. ಅರ್ಜಿ ಮೊದಲೇ ಹೋಗಬೇಕು. ಖಾಸಗಿ ವಿಮೆ ಇದ್ದವರು "ಆಧುನಿಕ ಚಿಕಿತ್ಸೆ" ಎಂಬ ಕಲಮಿನ ಕೆಳಗಿನ ಉಪಮಿತಿ ನೋಡಿ. 25 ಲಕ್ಷದ ಪಾಲಿಸಿಯಲ್ಲೂ ಅದು ಸಣ್ಣದಿರಬಹುದು.

ಪ್ರಯೋಗಕ್ಕೆ ಸೇರಿದರೆ ಕೋಶಗಳಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಹೊಲ ಮಾರುವ ಮಾತು ಬಂದರೆ ಅದಕ್ಕೆ ಮುಂಚೆ ಎರಡನೇ ಕೇಂದ್ರದ ಅಭಿಪ್ರಾಯ ತೆಗೆದುಕೊಳ್ಳಿ. ಕಾಯಿಲೆ ಬಹಳ ಮುಂದೆ ಹೋಗಿದ್ದಾಗ "ಬೇಡ" ಎಂಬ ಉತ್ತರವೂ ಪ್ರಾಮಾಣಿಕ ಉತ್ತರವೇ.

ಊರಿಗೆ ಯಾವಾಗ ಬರಬೋದು? ಹೊಲದ ಕೆಲಸ, ಊಟ?

ಆಸ್ಪತ್ರೆಯಿಂದ ಬಿಟ್ಟ ಮೇಲೂ ಹಾಕಿದ ದಿನದಿಂದ ಸುಮಾರು 4 ವಾರ ಕೇಂದ್ರದಿಂದ ಎರಡು ತಾಸಿನ ದಾರಿಯೊಳಗೆ ಇರಿ. ಅಮೆರಿಕ 2025ರಲ್ಲಿ ಇದನ್ನು 2 ವಾರಕ್ಕೆ ಇಳಿಸಿದೆ. ಆದರೆ ಮುದ್ದೇಬಿಹಾಳದಿಂದಲೋ ಜಮಖಂಡಿಯಿಂದಲೋ ರಾತ್ರಿ ಐಸಿಯು ಮುಟ್ಟುವುದು ಬೇರೆ ಮಾತು, 4 ವಾರ ಇರುವುದೇ ಕ್ಷೇಮ. ಬೈಕು, ಟ್ರ್ಯಾಕ್ಟರ್ ಯಾವಾಗ ಎಂದು ಕೇಂದ್ರವೇ ಹೇಳಲಿ, ಹಲವರು 8 ವಾರ ಹೇಳುತ್ತಾರೆ.

ಊಟ ಬಿಸಿಯಾಗಿ, ಆಗಿಂದಾಗ ಮಾಡಿದ್ದು. ಬಿಸಿ ಜೋಳದ ರೊಟ್ಟಿ, ಬೇಳೆ, ಬೇಯಿಸಿದ ಪಲ್ಯ ಧಾರಾಳ. ಪ್ಲೇಟ್‌ಲೆಟ್ ಇಳಿದು ಬಾಯಿ ಹುಣ್ಣಾದಾಗ ಕಡಕ್ ರೊಟ್ಟಿ ಬೇಡ, ಒಸಡು ಗೀರುತ್ತದೆ. ಹಸಿ ಮಡಕಿ ಮೊಳಕೆ, ಕಾಯಿಸದ ಹಾಲು, ಡಬ್ಬಿಯಲ್ಲಿ ತಿಂಗಳಾದ ಶೇಂಗಾ ಹಿಂಡಿ ಬಿಡಿ. ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ ಹಸಿಯಾಗಿ ಬೇಡ, ಬಿಳಿ ಕೋಶ ಏರುವವರೆಗೆ.

ಹೊಲಕ್ಕಿಂತ ದನದ ಕೊಟ್ಟಿಗೆ, ಕಣಿಕೆ ಬಣಿವೆ, ರಾಶಿ ಮಾಡುವ ಕಣ ಹೆಚ್ಚು ಅಪಾಯ. ಒಣ ಮೇವಿನ ಧೂಳಿನಲ್ಲಿರುವ ಆಸ್ಪರ್‌ಜಿಲಸ್ ಬೂಷ್ಟು ಪುಪ್ಪುಸದಲ್ಲಿ ಬೇರೂರುತ್ತದೆ. ಮೊದಲ ಆರು ತಿಂಗಳು ಅತ್ತ ಸುಳಿಯಬೇಡಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ಬನಶಂಕರಿ ಜಾತ್ರೆ ಆ ವರ್ಷಕ್ಕೆ ಬಿಟ್ಟುಬಿಡಿ.

ಊರಿಗೆ ಬಂದ ಮ್ಯಾಲೆ ಜ್ವರ ಬಂದ್ರ?

100.4 ದಾಟಿದರೆ ಅದೇ ತಾಸಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ, ಕೇಂದ್ರಕ್ಕೂ ಫೋನ್ ಮಾಡಿ. ಕಾರ್-ಟಿ ಆದ ದಿನಾಂಕ ಇರುವ ಚೀಟಿ ಜೇಬಿನಲ್ಲಿರಲಿ. ವೈದ್ಯರಿಗೆ ಹೇಳಬೇಕಾದದ್ದು ಮೂರು: ಕಾರ್-ಟಿ ಆಗಿದೆ, ವಿಕಿರಣ ಹಾಯಿಸಿದ ರಕ್ತವೇ ಬೇಕು, ಜೀವಕ್ಕೆ ತುರ್ತು ಇಲ್ಲದಿದ್ದರೆ ಕೇಂದ್ರವನ್ನು ಕೇಳದೆ ಸ್ಟಿರಾಯ್ಡ್ ಬೇಡ.

ಬಿ ಕೋಶ ಇಲ್ಲದ್ದರಿಂದ ಪ್ರತಿಕಾಯಗಳು ಕುಸಿಯುತ್ತವೆ. ಐಜಿಜಿ ಎಂಬ ಪ್ರತಿಕಾಯ ಡೆಸಿಲೀಟರಿಗೆ 400 ಮಿ.ಗ್ರಾಂಗಿಂತ ಕೆಳಗಿಳಿದು ಸೋಂಕು ಪದೇ ಪದೇ ಬಂದರೆ ತಿಂಗಳಿಗೊಮ್ಮೆ ಕಿಲೋಗೆ 0.4 ಗ್ರಾಂ ಇಮ್ಯುನೊಗ್ಲೋಬುಲಿನ್ ಕೊಡುತ್ತಾರೆ, 60 ಕಿಲೋಗೆ 24 ಗ್ರಾಂ. ದುಬಾರಿ, ಬಜೆಟ್ಟಿನಲ್ಲಿ ಸೇರಿಸಿ. ಕೋಟ್ರೈಮಾಕ್ಸಜೋಲ್, ಅಸೈಕ್ಲೋವಿರ್ ಮಾತ್ರೆಗಳನ್ನು ಕನಿಷ್ಠ ಆರು ತಿಂಗಳು ಬಿಡಬಾರದು. "ಆರಾಮ ಅದಾರ" ಎಂದು ಇವನ್ನು ನಿಲ್ಲಿಸಿದ ಮೇಲೆ ನ್ಯುಮೋನಿಯಾ, ಸರ್ಪಸುತ್ತು ಬರುವುದು ಹೊಸದಲ್ಲ.

ಮುಂದ ಮಕ್ಕಳಾಗತಾವೇನ್ರಿ? ಜೀನ್ ಬದಲಾದದ್ದು ಮಕ್ಕಳಿಗೆ ಹೋಗತೈತೇನು?

ಜೀನ್ ಸೇರುವುದು ಟಿ ಕೋಶಗಳಿಗೆ ಮಾತ್ರ, ಮಕ್ಕಳಿಗೆ ಹೋಗುವುದಿಲ್ಲ. ಸಂತಾನಶಕ್ತಿಗೆ ಪೆಟ್ಟು ಬೀಳುವುದು ಕೀಮೋದಿಂದ. ಮದುವೆಯಾಗದ ಹುಡುಗರಿಗೆ ವೀರ್ಯ ಸಂಗ್ರಹದ ಮಾತು ಮೊದಲ ಕೀಮೋಗೂ ಮುಂಚೆ ಎತ್ತಬೇಕು. ಸಂಕೋಚದಿಂದ ಇದು ಬಹಳ ಮನೆಗಳಲ್ಲಿ ತಪ್ಪಿಹೋಗುತ್ತದೆ.

ತಮ್ಮನ ಟಿ ಕೋಶ ಅಣ್ಣಗ ಹಾಕಬೋದೇನು?

ಈಗ ಒಪ್ಪಿಗೆ ಇರುವವೆಲ್ಲ ರೋಗಿಯದೇ ಕೋಶಗಳಿಂದ. ದಾನಿಯ ಕೋಶದ್ದು ಪ್ರಯೋಗದಲ್ಲಿದೆ.

ಇಷ್ಟೆಲ್ಲ ಮಾಡಿಯೂ ಕಾಯಿಲೆ ತಿರುಗಿ ಬಂದ್ರ?

ಎರಡು ಬಗೆಯಲ್ಲಿ ಮರಳುತ್ತದೆ. ಕಾರ್-ಟಿ ಕೋಶಗಳು ಬೇಗ ಮಾಯವಾದರೆ ಸಿಡಿ19 ಇರುವ ಕಾಯಿಲೆಯೇ ಬರುತ್ತದೆ. ರಕ್ತದಲ್ಲಿ ಆರೋಗ್ಯವಂತ ಬಿ ಕೋಶಗಳು ಅವಧಿಗೆ ಮುಂಚೆ ಕಾಣಿಸಿಕೊಳ್ಳುವುದು, ಅದರಲ್ಲೂ ಎಎಲ್‌ಎಲ್‌ನಲ್ಲಿ, ಇದರ ಮುನ್ಸೂಚನೆ. ಇನ್ನೊಂದರಲ್ಲಿ ಕ್ಯಾನ್ಸರ್ ಕೋಶಗಳು ಸಿಡಿ19 ಅನ್ನೇ ಕಳಚಿಕೊಂಡು ಬರುತ್ತವೆ. ಆಗ ಅದೇ ಕಾರ್-ಟಿ ಮತ್ತೆ ಹಾಕಿ ಫಲವಿಲ್ಲ. ಹಾಗಾಗಿ ಮರಳಿದಾಗ ಮೊದಲ ಕೆಲಸ ಹೊಸ ಬಯಾಪ್ಸಿ, ಸಿಡಿ19 ಇದೆಯೋ ಇಲ್ಲವೋ ನೋಡುವುದಕ್ಕೆ. ಎಎಲ್‌ಎಲ್‌ನಲ್ಲಿ ಕೆಲವರಿಗೆ ಕಾಯಿಲೆ ಇಳಿದಿರುವಾಗಲೇ ದಾನಿಯ ಮಜ್ಜೆ ಕಸಿ ಮಾಡಿಬಿಡುತ್ತಾರೆ. ಮನೆಯಲ್ಲಿ ಹೊಂದುವ ಅಣ್ಣತಮ್ಮ, ಅಕ್ಕತಂಗಿ ಯಾರು ಎಂದು ಎಚ್‌ಎಲ್‌ಎ ಪರೀಕ್ಷೆ ಮಾಡಿಸುವುದು ಅಫೆರೆಸಿಸ್ ದಿನಗಳಲ್ಲಿಯೇ ಮುಗಿದಿದ್ದರೆ ಆಗ ವಾರಗಟ್ಟಲೆ ಕಾಯುವುದು ತಪ್ಪುತ್ತದೆ.